ಹಳೆಯ ಸೈಕಲ್ಲಿಗೆ ಹೊಂದುವ ಸೀಟಿನ ಕ್ಲಾಂಪು



ಕೃಷ್ಣಾ, ತುಂಗಭದ್ರೆಯರ ನಡುವಣ ರಾಯಚೂರು ಸೀಮೆ ಬಯಲುನಾಡು. ದೇವದುರ್ಗ ಕೃಷ್ಣೆಯ ಕಡೆಗಿದೆ, ಮಾನ್ವಿ ತುಂಗಭದ್ರೆಯ ಕಡೆಗೆ. ಸೈಕಲ್ಲಿಗೆ ಹೇಳಿ ಮಾಡಿಸಿದ ನೆಲವದು. ಮಲೆನಾಡಿನವರ ಸಭೆಯಲ್ಲಿ ಆ ಬಯಲಿನ ಪ್ರಸ್ತಾಪವೇಕೆಂದರೆ, ಚೆನ್ನಾಗಿರುವ ಸೈಕಲ್ಲು ಗುಜರಿ ಸೇರುವುದಕ್ಕೆ ಅಲ್ಲಿಯೂ ಇಲ್ಲಿಯೂ ಒಂದು ಸಣ್ಣ ಕಾರಣ ಸಮಾನವಾಗಿದೆ: ಸೀಟು ನಿಲ್ಲುವುದಿಲ್ಲ. ಬಯಲಿನಲ್ಲಿ ಅದು ಮೊಣಕಾಲಿನ ನೋವು. ಘಟ್ಟದ ಇಳಿಜಾರಿನಲ್ಲಿ ಸೀಟು ತಿರುಗಿದರೆ ಸವಾರನೇ ಉರುಳುತ್ತಾನೆ.

2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಅಕ್ಕ ಓಡಿಸಿದ ಸೈಕಲ್ಲು ತಮ್ಮನಿಗೆ, ಅವನಿಂದ ಹೊಲಕ್ಕೆ ಹೋಗುವ ಅಪ್ಪನಿಗೆ ಬರುವುದು ಸಹಜ. ಸವಾರ ಬದಲಾದಂತೆಲ್ಲ ಸೀಟು ಏರಬೇಕು, ಇಳಿಯಬೇಕು. ಸವೆಯುವುದು ಬಿಗಿಯುವ ಭಾಗವೇ.

ತೊಡಕು ಹುಟ್ಟುವುದು ಹೆಸರಿನಿಂದ. ಅಂಗಡಿಯಲ್ಲಿ 'ಕ್ಲಾಂಪು' ಎಂದರೆ ಬೇರೆ ಬೇರೆ ವಸ್ತುಗಳು ಕೈಗೆ ಬರುತ್ತವೆ. ಸೀಟಿನ ಅಡಿಯಲ್ಲಿ ಪಿಲ್ಲರಿನ ತುದಿಯನ್ನು ಕಚ್ಚುವುದು ಒಂದು. ಪಿಲ್ಲರು ಜಾರದಂತೆ ಫ್ರೇಮಿನ ಕೊಳವೆಯನ್ನು ಹೊರಗಿನಿಂದ ಬಿಗಿಯುವ ಬಳೆ ಇನ್ನೊಂದು. ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಈ ಬಳೆಯೇ ಇರುವುದಿಲ್ಲ. ಫ್ರೇಮಿನಲ್ಲಿಯೇ ಎರಡು ಕಿವಿಗಳಿದ್ದು, ಒಂದು ಬೋಲ್ಟು ಅವನ್ನು ಕೂಡಿಸುತ್ತದೆ. ಅಂಥವುಗಳಿಗೆ ಬೇಕಾದುದು ಹೊಸ ಬೋಲ್ಟು ಮಾತ್ರ. ಕ್ಲಾಂಪು ಹುಡುಕುತ್ತ ಪೇಟೆ ಅಲೆಯುವ ಮುನ್ನ ಕಿವಿಗಳಿವೆಯೇ ಎಂದು ನೋಡುವುದು ಲೇಸು.

ಬಳೆ ಇದ್ದರೆ ಅದರ ಅಳತೆ ಪಿಲ್ಲರಿನದಲ್ಲ, ಫ್ರೇಮಿನ ಕೊಳವೆಯ ಹೊರವ್ಯಾಸದ್ದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಸಾಮಾನ್ಯವಾಗಿ ದೊರೆಯುವ ಬಳೆಗಳು 28.6, 31.8 ಮತ್ತು 34.9 ಮಿಲಿಮೀಟರಿನವು; ಹಳೆಯ ಉಕ್ಕಿನ ಫ್ರೇಮಿಗೆ ಬಹುಮಟ್ಟಿಗೆ ಮೊದಲನೆಯದೇ. ವರ್ನಿಯರ್ ಇಲ್ಲದವರಿಗೆ ಒಂದೆಳೆ ಹತ್ತಿಯ ದಾರ ಸಾಕು. ತುಕ್ಕನ್ನು ಉಜ್ಜಿ ತೆಗೆದು, ಬಳೆ ಕೂರುವ ಜಾಗದಲ್ಲಿ ದಾರವನ್ನು ಒಂದು ಸುತ್ತು ಬಿಗಿಯಾಗಿ ಸುತ್ತಿ, ಸೇರುವಲ್ಲಿ ಗುರುತು ಮಾಡಿ ಸ್ಕೇಲಿನ ಮೇಲೆ ಹಿಡಿಯಬೇಕು. 90 ಮಿಲಿಮೀಟರು ಬಂದರೆ 28.6ರ ಬಳೆ, 100 ಬಂದರೆ 31.8, 110 ಬಂದರೆ 34.9. ಸುತ್ತಳತೆಯು ವ್ಯಾಸದ ಮೂರು ಪಟ್ಟಿಗೂ ಮಿಗಿಲಾದುದರಿಂದ ದಾರ ಒಂದು ಮಿಲಿಮೀಟರು ತಪ್ಪಿದರೂ ವ್ಯಾಸ ತಪ್ಪುವುದು ಅದರ ಮೂರನೆಯ ಒಂದು ಪಾಲಷ್ಟೇ. ಹೈಸ್ಕೂಲಿನ ಗಣಿತಕ್ಕೆ ಇದಕ್ಕಿಂತ ಉತ್ತಮ ಉಪಯೋಗ ಅಪರೂಪ.

ದೊಡ್ಡ ಬಳೆ ತೊಡಿಸಿದರೆ ಬೋಲ್ಟು ಪೂರ್ತಿ ಬಿಗಿದರೂ ಬಾಯಿಗಳು ಮೊದಲೇ ಕೂಡಿಕೊಂಡು ಹಿಡಿತ ಸಿಗದು. ಪಾನಾದಿಂದ ಇನ್ನೂ ತಿರುವಿದರೆ ಮರೆ ಹಾಳಾಗುತ್ತದೆ. ಒಳಗೆ ಟ್ಯೂಬಿನ ರಬ್ಬರು ತುರುಕುವ ರೂಢಿಯೂ ಇದೆ. ರಬ್ಬರು ಅಮುಕಿಕೊಳ್ಳುತ್ತದೆ, ನಾಲ್ಕು ದಿನಕ್ಕೆ ಸೀಟು ಮತ್ತೆ ಕೆಳಗೆ. ಪಿಲ್ಲರೇ ಸಡಿಲವಾಗಿದ್ದರೆ ತೆಳು ತಗಡಿನ ಪಟ್ಟಿಯನ್ನು ಒಂದು ಸುತ್ತು ಸುತ್ತಿ ಕೊಳವೆಯೊಳಗೆ ಇಳಿಸಬಹುದು. ತಗಡಿನ ದಪ್ಪದ ಎರಡರಷ್ಟು ವ್ಯಾಸ ಹೆಚ್ಚುತ್ತದೆ. ತುಸು ಗ್ರೀಸು ಸವರಿದರೆ ಮುಂದೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ.

ಮಾನ್ವಿಯಿಂದ ರಾಯಚೂರಿಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ. ದೇವದುರ್ಗ ಇನ್ನೂ ಆಚೆ. ತಪ್ಪು ಬಳೆ ಕೊಂಡವನ ಒಂದು ದಿನದ ಕೂಲಿ, ಬಸ್ಸಿನ ದುಡ್ಡು ಎರಡೂ ಹೋದಂತೆ. ಮೇಲಾಗಿ ಹಳೆಯ ಬಿಡಿಭಾಗಗಳು ಕಡಿಮೆಯಾಗುತ್ತಿವೆ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಒಂದು ಬಳೆಗಾಗಿ ಇಡೀ ಫ್ರೇಮನ್ನು ಬಿಸಾಡಿ ಹೊಸದನ್ನು ತರುವಾಗ, ಆ ಉಕ್ಕು ಯಾವುದೋ ಬೆಟ್ಟದ ಅದಿರೆಂಬುದನ್ನು ಬೆಟ್ಟದವರು ಮರೆಯಲಾಗದು. ರಾಯಚೂರಿನ ನೆರೆಯ ಬಳ್ಳಾರಿಯಲ್ಲಿ ಸಂಡೂರಿನ ಗುಡ್ಡಗಳನ್ನು ಬಗೆದ ಗಣಿಗಾರಿಕೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ತಡೆಯಬೇಕಾಯಿತು. ಮುಂದೆ ಮಿತಿ ವಿಧಿಸಿ ಮರಳಿ ಬಿಟ್ಟಿತು.

ಪೇಟೆಗೆ ಹೋಗುವವರು ಸೈಕಲ್ಲನ್ನು ಬಸ್ಸಿನ ಮೇಲೆ ಹೇರಬೇಕಿಲ್ಲ. ಗುರುತು ಮಾಡಿದ ದಾರವನ್ನು ಜೇಬಿನಲ್ಲಿಟ್ಟುಕೊಂಡು, ಹಳೆಯ ಬಳೆ ಉಳಿದಿದ್ದರೆ ಅದನ್ನೂ ಒಯ್ದು, ಹೊಸದರ ಒಳಸುತ್ತಿಗೆ ದಾರ ಹಿಡಿದು ನೋಡಿಯೇ ಹಣ ಕೊಡಬೇಕು.