ಪೋಪ್ ಬೆರಳು ತೋರಿಸಿದ ಆ ಪಾದ್ರಿ

ಇವತ್ತು ಒಂದು ಫೋಟೋದಿಂದ ಶುರು ಮಾಡ್ತೀನಿ. ಎಪಿಸೋಡ್ ಮುಗಿದ ಮೇಲೆ ಹುಡುಕಿ ನೋಡಿ, ಸುಲಭವಾಗಿ ಸಿಗುತ್ತೆ. ವಿಮಾನ ನಿಲ್ದಾಣದಲ್ಲಿ ಪೋಪ್ ಎರಡನೇ ಜಾನ್ ಪಾಲ್ ನಿಂತಿದ್ದಾರೆ. ಅವರ ಎದುರು ಗಡ್ಡ ಬಿಟ್ಟವರೊಬ್ಬರು ಮಂಡಿಯೂರಿದ್ದಾರೆ. ಹೋಂವರ್ಕ್ ಮಾಡದ ಹುಡುಗನಿಗೆ ಮೇಷ್ಟ್ರು ಗದರಿಸ್ತಾರಲ್ಲ, ಹಾಗೆ ಪೋಪ್ ಬೆರಳು ಅಲ್ಲಾಡಿಸ್ತಿದ್ದಾರೆ.

ಇದು 1983ರ ಮಾರ್ಚ್ 4. ಜಾಗ ಮಧ್ಯ ಅಮೆರಿಕದ ನಿಕರಾಗುವಾ ದೇಶದ ರಾಜಧಾನಿ ಮನಾಗುವಾ. ಮಂಡಿಯೂರಿದವರು ಫಾದರ್ ಅರ್ನೆಸ್ಟೊ ಕಾರ್ಡೆನಾಲ್. ಕಾರ್ಡೆನಾಲ್ ಅನ್ನೋದು ಮನೆತನದ ಹೆಸರು, ಕಾರ್ಡಿನಲ್ ಪದವಿ ಅಲ್ಲ. ನಾನೂ ಮೊದಲು ಹಾಗೇ ಅಂದ್ಕೊಂಡು ಗೊಂದಲಕ್ಕೆ ಬಿದ್ದಿದ್ದೆ. ಅವರು ಪಾದ್ರಿ, ಕವಿ, ಜೊತೆಗೆ ದೇಶದ ಸಂಸ್ಕೃತಿ ಸಚಿವ. ಜಗಳ ಇದ್ದದ್ದು ಆ ಸಚಿವಗಿರಿ ಮೇಲೇನೇ.

ಸಚಿವರಾಗೋ ಮುಂಚೆ ಅವರು ಸೊಲೆಂಟಿನಾಮೆ ಅನ್ನೋ ದ್ವೀಪಗಳಲ್ಲಿದ್ರು. ಅಲ್ಲಿನ ರೈತರು, ಮೀನುಗಾರರ ಜೊತೆ ಕೂತು ಬೈಬಲ್ ಓದಿ ಚರ್ಚೆ ಮಾಡ್ತಿದ್ರು. 1977ರಲ್ಲಿ ಸರ್ವಾಧಿಕಾರಿ ಸೊಮೊಜಾನ ಸೈನಿಕರು ಅದನ್ನೆಲ್ಲ ಧ್ವಂಸ ಮಾಡಿದ್ರು. 1979ರಲ್ಲಿ ಸ್ಯಾಂಡಿನಿಸ್ಟಾ ಕ್ರಾಂತಿ ಗೆದ್ದಾಗ ಕಾರ್ಡೆನಾಲ್ ಸರ್ಕಾರ ಸೇರಿದ್ರು. ವಿದೇಶಾಂಗ ಸಚಿವ ಮಿಗೆಲ್ ದೆಸ್ಕೊಟೊ ಕೂಡ ಪಾದ್ರಿಯೇ.

ಪೋಪ್ ಕಡೆಯಿಂದಲೂ ನೋಡ್ಬೇಕು. ಕಮ್ಯುನಿಸ್ಟ್ ಆಡಳಿತದ ಪೋಲೆಂಡ್‌ನಿಂದ ಬಂದವರು ಅವರು. ಪಾದ್ರಿಗಳು ಸರ್ಕಾರಿ ಅಧಿಕಾರದಲ್ಲಿ ಕೂರಬಾರದು ಅನ್ನೋ ನಿಯಮ, ಅದೇ ಜನವರಿಯಲ್ಲಿ ಪ್ರಕಟವಾದ ಚರ್ಚ್‌ನ ಹೊಸ ಕಾನೂನು ಸಂಹಿತೆಯಲ್ಲೂ ಇತ್ತು. ಹಾಗಾಗಿ ಇದು ಬರೀ ಸಿಟ್ಟು ಅಂತ ನಾನು ಹೇಳಲ್ಲ. ಆದ್ರೆ ಅದನ್ನ ಕ್ಯಾಮೆರಾಗಳ ಮುಂದೆ ಹೇಳ್ಬೇಕಿತ್ತಾ?

ಕಾರ್ಡೆನಾಲ್ ನೆನಪಿಸಿಕೊಂಡಿದ್ದು ಹೀಗೆ: ಟೋಪಿ ತೆಗೆದೆ, ಮಂಡಿಯೂರಿದೆ, ಉಂಗುರಕ್ಕೆ ಮುತ್ತಿಡಲು ಹೋದೆ, ಪೋಪ್ ಕೈ ಹಿಂದಕ್ಕೆ ತಗೊಂಡ್ರು. ಚರ್ಚ್ ಜೊತೆಗಿನ ನಿನ್ನ ಸ್ಥಿತಿ ಸರಿಮಾಡ್ಕೋ ಅಂದ್ರು. ನಾನು ಉತ್ತರ ಕೊಡಲಿಲ್ಲ.

ಅವತ್ತಿನ ಬಲಿಪೂಜೆಯೂ ಕೆಟ್ಟಿತು. ಕೆಲವೇ ದಿನ ಮೊದಲು ಕಾಂಟ್ರಾ ಬಂಡುಕೋರರು 17 ಹುಡುಗರನ್ನ ಕೊಂದಿದ್ರು. ನಮ್ಮ ಮಕ್ಕಳಿಗೆ ಒಂದು ಪ್ರಾರ್ಥನೆ ಮಾಡಿ ಅಂತ ತಾಯಂದಿರು ಕೇಳಿದ್ರು. ಆ ಪ್ರಾರ್ಥನೆ ಬರಲಿಲ್ಲ. ಜನ 'ನಮಗೆ ಶಾಂತಿ ಬೇಕು' ಅಂತ ಕೂಗಿದ್ರು, ಸ್ಯಾಂಡಿನಿಸ್ಟಾ ಘೋಷಣೆಗಳೂ ಸೇರ್ಕೊಂಡ್ವು. ಪೋಪ್ ಮೈಕ್‌ನಲ್ಲಿ 'ಸಿಲೆನ್ಸಿಯೋ!' ಅಂತ ಗದರಿಸಿದ್ರು. ಸುಮ್ಮನಿರಿ ಅಂತ.

ಒಂದೆರಡು ವರ್ಷದೊಳಗೆ ಕಾರ್ಡೆನಾಲ್ ಪೂಜೆ ಮಾಡೋ ಹಾಗಿಲ್ಲ, ಸಂಸ್ಕಾರ ಕೊಡೋ ಹಾಗಿಲ್ಲ ಅಂತ ನಿಷೇಧ ಬಂತು. ನನ್ನನ್ನ ತುಂಬಾ ಕಾಡಿದ್ದು ಇದು: ಅವರ ಸಚಿವಗಿರಿ 80ರ ದಶಕದಲ್ಲೇ ಮುಗೀತು, ನಿಷೇಧ ಮಾತ್ರ ಮುಗೀಲಿಲ್ಲ. 1994ರಲ್ಲಿ ಅವರು ಪಕ್ಷವನ್ನೂ ಬಿಟ್ರು, ಡೇನಿಯಲ್ ಒರ್ಟೆಗಾ ವಿರುದ್ಧ ನೇರವಾಗಿ ಮಾತಾಡಿದ್ರು. ಆಗಲೂ ನಿಷೇಧ ಹಾಗೇ ಇತ್ತು.

2019ರ ಫೆಬ್ರುವರಿ. 94 ವರ್ಷದ ಕಾರ್ಡೆನಾಲ್ ಆಸ್ಪತ್ರೆಯಲ್ಲಿದ್ರು. ಮನಾಗುವಾದ ಸಹಾಯಕ ಬಿಷಪ್ ಸಿಲ್ವಿಯೊ ಬಾಯೆಸ್ ನೋಡೋಕೆ ಬಂದ್ರು. ಹಾಸಿಗೆ ಪಕ್ಕ ಮಂಡಿಯೂರಿ, ನನ್ನನ್ನ ಆಶೀರ್ವದಿಸಿ ಅಂತ ಕೇಳಿದ್ರು. ಅದರದ್ದೂ ಒಂದು ಫೋಟೋ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆ ದಿನಗಳಲ್ಲೇ ಪೋಪ್ ಫ್ರಾನ್ಸಿಸ್ ನಿಷೇಧ ತೆಗೆದ್ರು. ವ್ಯಾಟಿಕನ್ ರಾಯಭಾರಿಯ ಜೊತೆ ಕಾರ್ಡೆನಾಲ್ ಆಸ್ಪತ್ರೆಯಲ್ಲೇ ಪೂಜೆ ಮಾಡಿದ್ರು.

ಒಂದು ವರ್ಷ ಕಳೆದು, 2020ರ ಮಾರ್ಚ್ 1ಕ್ಕೆ ತೀರ್ಕೊಂಡ್ರು. ಮನಾಗುವಾ ಕೆಥೆಡ್ರಲ್‌ನಲ್ಲಿ ಅಂತ್ಯಪೂಜೆ ನಡೀತಿದ್ದಾಗ 'ದ್ರೋಹಿ' ಅಂತ ಕೂಗು ಬಿತ್ತು. ಕೂಗಿದವರು ಒರ್ಟೆಗಾ ಸರ್ಕಾರದ ಬೆಂಬಲಿಗರು. ಯಾವ ಪಕ್ಷದ ಸರ್ಕಾರದಲ್ಲಿ ಇದ್ದಿದ್ದಕ್ಕೆ ಪೋಪ್ ಬೆರಳು ತೋರಿಸಿದ್ರೋ, ಅದೇ ಪಕ್ಷದವರು. ಕಾರ್ಡೆನಾಲ್ ಅವರ ಚಿತಾಭಸ್ಮ ಸೊಲೆಂಟಿನಾಮೆಗೆ ಹೋಯ್ತು.