ಚಿಕಿತ್ಸಕರಿಂದ ನಿರೀಕ್ಷಿಸತಕ್ಕದ್ದು



ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಎಂಬ ಹೆಸರನ್ನು ಪಡೆದ ಮೇಲೆ, ಆ ಆಸ್ಪತ್ರೆಯ ಬಾಗಿಲನ್ನು ಕಂಡೊಡನೆ ಅಂಜುತ್ತಿದ್ದ ಜನರ ಮನೋಭಾವವು ಕ್ರಮಕ್ರಮವಾಗಿ ಬದಲಾಗುತ್ತ ಬಂದಿರುವುದು ಸಂತೋಷದ ಸಂಗತಿ. ಆದರೆ ಭಯವು ತೆರವು ಮಾಡಿದ ಎಡೆಯಲ್ಲಿ ಕೆಲವೊಮ್ಮೆ ಅತಿಯಾಸೆಯು ಬಂದು ಕೂರುವುದುಂಟು. ಒಂದೆರಡು ಭೇಟಿಗಳಲ್ಲಿಯೇ ಸರ್ವದುಃಖವೂ ಪರಿಹಾರವಾದೀತೆಂದು ನಂಬಿ ಬಂದವರು, ಹಾಗಾಗದಿದ್ದಾಗ ಚಿಕಿತ್ಸೆಯನ್ನೇ ಹಳಿದು ಹೊರಟುಹೋಗುತ್ತಾರೆ. ಆದುದರಿಂದ ಹಕ್ಕಿನಿಂದ ಕೇಳತಕ್ಕದ್ದು ಯಾವುದು, ಕಾಲಕ್ಕೆ ಬಿಡತಕ್ಕದ್ದು ಯಾವುದು, ಕೇಳಲೇಬಾರದುದು ಯಾವುದು ಎಂಬುದನ್ನು ವಿವೇಚಿಸಲು ಬಯಸುತ್ತೇನೆ.

ಮೊದಲಿಗೆ ಹಕ್ಕಿನ ವಿಷಯ. ಹೊರರೋಗಿ ವಿಭಾಗಗಳಲ್ಲಿ ಕಾಣಬರುವ ನೋಟವೊಂದುಂಟು. "ನಿದ್ರೆ ಬರುತ್ತೇನಮ್ಮಾ?" ಎಂದು ವೈದ್ಯರು ಹುಡುಗಿಯನ್ನು ಕೇಳಿದರೆ, "ರಾತ್ರಿಯೆಲ್ಲಾ ಎದ್ದೇ ಇರ್ತಾಳೆ ಸಾರ್" ಎಂದು ತಾಯಿಯೇ ಉತ್ತರಿಸುತ್ತಾಳೆ, ಹಿರಿಯರನ್ನು ಕೊಂಚ ಹೊರಗೆ ಕೂರಿಸಿದ ಮೇಲಷ್ಟೇ ಹುಡುಗಿ ಬಾಯಿಬಿಡುತ್ತಾಳೆ. ಆಗ ಅವಳು ಆಡಿದ ಮಾತನ್ನು ಗೋಪ್ಯವಾಗಿಡುವುದು ಕೇವಲ ಸೌಜನ್ಯವಲ್ಲ, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಮಾನ್ಯಮಾಡಿದ ಹಕ್ಕು. ಪ್ರಾಣಾಪಾಯ, ನ್ಯಾಯಾಲಯದ ಆಜ್ಞೆ ಮುಂತಾದ ಅಪವಾದಗಳಿವೆ; ಅವನ್ನು ಮೊದಲೇ ತಿಳಿಸಿರೆಂದು ಕೇಳುವುದು ಯುಕ್ತ. ಚಿಕಿತ್ಸಕರ ವಿದ್ಯಾರ್ಹತೆಯನ್ನೂ ಶುಲ್ಕವನ್ನೂ ಸಂಕೋಚಪಡದೆ ವಿಚಾರಿಸಬಹುದು.

ಕಾಲದ ವಿಷಯದಲ್ಲಿ ನಮಗೆ ತಾಳ್ಮೆ ಸಾಲದು. ಖಿನ್ನತೆಗೆ ಕೊಡುವ ಔಷಧಗಳು ಗುಣ ತೋರಲು ಸಾಮಾನ್ಯವಾಗಿ 2ರಿಂದ 4 ವಾರಗಳು ಬೇಕು. ಹೊಟ್ಟೆ ತೊಳಸುವುದು, ಬಾಯಿ ಒಣಗುವುದು ಮೊದಲಾದ ಉಪದ್ರವಗಳಾದರೋ ಮೊದಲ ದಿನಗಳಲ್ಲಿಯೇ ತಲೆದೋರಬಹುದು. ಆದಕಾರಣ "ಮಾತ್ರೆ ಹಿಡಿಸಲಿಲ್ಲ" ಎಂದು ವಾರದೊಳಗೆ ಕೈಬಿಟ್ಟವನು ಔಷಧದ ಕಷ್ಟವನ್ನಷ್ಟೇ ಉಂಡು, ಫಲವನ್ನು ಕಾಣದೆಯೇ ಎದ್ದುಹೋದಂತಾಯಿತು. ಹಗುರವೆನಿಸಿದೊಡನೆ ತಾನಾಗಿಯೇ ನಿಲ್ಲಿಸುವುದೂ ಅಪಾಯಕರ. ಚೇತರಿಕೆಯ ನಂತರವೂ ಹಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಮಾತಿನ ಚಿಕಿತ್ಸೆಯೂ ಹೀಗೆಯೇ: ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಷ್ಟು ಕುಳಿತು ಆಡಿದ್ದಕ್ಕಿಂತ, ಉಳಿದ ಆರು ದಿನಗಳಲ್ಲಿ ಮನೆಯಲ್ಲಿ ಮಾಡುವ ಅಭ್ಯಾಸವು, ಎಂದರೆ ಕಾಡಿದ ಯೋಚನೆಯನ್ನು ಬರೆದಿಡುವುದು, ಅಂಜಿ ಬಿಟ್ಟ ಕೆಲಸಕ್ಕೆ ಮತ್ತೆ ಕೈಹಚ್ಚುವುದು, ಹೆಚ್ಚು ಫಲಕಾರಿಯಾಗುವುದುಂಟು. ನೋವನ್ನು ತೋಡಿಕೊಂಡ ದಿನ ಮನಸ್ಸು ಇನ್ನಷ್ಟು ಭಾರವಾದರೆ ಗಾಬರಿಪಡದೆ ಅದನ್ನೂ ಚಿಕಿತ್ಸಕರ ಮುಂದಿಡತಕ್ಕದ್ದು.

ಇನ್ನು ಕೇಳಬಾರದುದು: ಈ ಮದುವೆಗೆ ಒಪ್ಪಲೇ, ಈ ಕೆಲಸ ಬಿಡಲೇ ಎಂಬ ತೀರ್ಪನ್ನು ಚಿಕಿತ್ಸಕರು ಕೊಡಲಾರರು, ಅತ್ತೆ ಸೊಸೆಯರಲ್ಲಿ ಒಬ್ಬರ ಪಕ್ಷ ವಹಿಸಲಾರರು, ಸಾಲವನ್ನು ತೀರಿಸಲಾರರು. ಅವರು ಸ್ನೇಹಿತರಲ್ಲ, ಎಲ್ಲ ಹೊತ್ತಿನಲ್ಲಿಯೂ ಲಭ್ಯರಿರುವರೆಂದೂ ಭಾವಿಸಲಾಗದು. ನಡುರಾತ್ರಿಯ ಸಂಕಟಕ್ಕೆ 2022ರಿಂದ ಟೆಲಿ ಮನಸ್ ಎಂಬ ದೂರವಾಣಿ ಸಹಾಯ ಸೇವೆಯ 14416 ಸಂಖ್ಯೆಯು ಹಗಲಿರುಳೂ ತೆರೆದಿದೆ.

ಆದುದರಿಂದ ಆರಂಭದಲ್ಲಿಯೇ ನಾಲ್ಕು ಪ್ರಶ್ನೆಗಳನ್ನು ಕೇಳಿ: ನನಗಿರುವ ತೊಂದರೆ ಏನು? ಅದಕ್ಕೆ ಏನು ಮಾಡುವಿರಿ? ಗುಣವಾಗುತ್ತಿರುವುದನ್ನು ಹೇಗೆ ತಿಳಿಯುವುದು? ಆಗದಿದ್ದರೆ ಮುಂದೇನು? ಉತ್ತರಿಸಲು ಬೇಸರಿಸುವವರನ್ನು ಬಿಟ್ಟು ಬೇರೊಬ್ಬರನ್ನು ಅರಸುವುದು ದ್ರೋಹವಲ್ಲ; ಸಮಾಧಾನದಿಂದ ಉತ್ತರಿಸಿದವರಿಗೆ ಸಾಕಷ್ಟು ಕಾಲವನ್ನು ಕೊಡದಿದ್ದರೆ ನಷ್ಟ ನಮ್ಮದೇ.