ಬೆತ್ತ ಬಿಟ್ಟ ಶಾಲೆ, ಬಿಡದ ಮನೆ

ತಮಿಳುನಾಡಿನ ತೇಣಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್ ಎಂಬ ಬೇಸಾಯಗಾರ ಸಮುದಾಯವು ಮನೆಯೊಳಗೆ ಕನ್ನಡವನ್ನೂ ಹೊರಗೆ ತಮಿಳನ್ನೂ ಆಡುತ್ತ ತಲೆಮಾರುಗಳಿಂದ ನೆಲೆಸಿದೆ. ಮಕ್ಕಳನ್ನು ತಿದ್ದುವ ವಿಷಯದಲ್ಲಿ ಮಾತ್ರ ಎರಡೂ ಭಾಷೆಗಳ ಗಾದೆಗಳು ಒಂದೇ ದಾರಿ ಹಿಡಿಯುತ್ತವೆ: ಕನ್ನಡವು 'ದಂಡಂ ದಶಗುಣಂ' ಎಂದರೆ, ತಮಿಳು 'ಅಡಿಯಾದ ಮಾಡು ಪಡಿಯಾದು', ಅಂದರೆ ಹೊಡೆಯದ ದನ ಪಳಗದು, ಎನ್ನುತ್ತದೆ. ದನಕ್ಕಾದರೂ ಈ ಮಾತು ನ್ಯಾಯವೇ ಎಂಬುದು ಬೇರೆ ಪ್ರಶ್ನೆ.

ದೈಹಿಕ ಶಿಕ್ಷೆಯನ್ನು, ಎಂದರೆ ನೋವುಂಟುಮಾಡಿ ನಡತೆಯನ್ನು ತಿದ್ದುವ ಕ್ರಮವನ್ನು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ನಿಷೇಧಿಸಿದೆ. ಸ್ವೀಡನ್ 1979ರಲ್ಲಿಯೇ ಈ ನಿಷೇಧವನ್ನು ಮನೆಗೂ ವಿಸ್ತರಿಸಿತು, ಭಾರತದಲ್ಲಿ ಮನೆಯ ಹೊಸಿಲು ದಾಟುವ ಅಂಥ ಸ್ಪಷ್ಟ ಕಾನೂನಿಲ್ಲ.

ಕಣಿವೆಯಿಂದ ನಸುಕಿನಲ್ಲೇ ಜೀಪು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳ ಕೂಲಿಗೆ ಹೋಗುವ ತಾಯಂದಿರ ಮಕ್ಕಳು ಅನೇಕ ವೇಳೆ ಅಜ್ಜಿಯ ಮಡಿಲಲ್ಲಿ ಬೆಳೆಯುವುದರಿಂದ, ಹಳೆಯ ಪದ್ಧತಿ ಹೊಸದಕ್ಕೆ ಎದುರಾಗುವುದು ಅಲ್ಲಿಯೇ. ಆದರೆ ಏಟು ತಿಂದು ಬೆಳೆದೆವೆಂದು ಹೇಳಿಕೊಳ್ಳುವ ಅದೇ ಅಜ್ಜಿ, ಹಟ ಹಿಡಿದ ಕೂಸಿಗೆ ಕಾಗೆಯನ್ನು ತೋರಿಸಿ ಅಳು ಮರೆಸುತ್ತಾಳೆ, ಚೆಲ್ಲಿದ ನೀರನ್ನು ಕೂಸಿನ ಕೈಯಿಂದಲೇ ಒರೆಸಿಸುತ್ತಾಳೆ. ಮೊದಲನೆಯದನ್ನು ಶಿಶುಪಾಲನೆಯ ಶಾಸ್ತ್ರವು 'ಗಮನ ತಿರುಗಿಸುವಿಕೆ' ಎಂದೂ, ಎರಡನೆಯದನ್ನು, ತಪ್ಪಿಗೆ ನೇರವಾಗಿ ಸಂಬಂಧಿಸಿದ ಹೊಣೆಯನ್ನು ಮಗುವಿಗೆ ವಹಿಸುವುದರಿಂದ, 'ತಾರ್ಕಿಕ ಪರಿಣಾಮ' ಎಂದೂ ಕರೆಯುತ್ತದೆ. ಅಜ್ಜಿಗೆ ಅವುಗಳ ಹೆಸರು ಬೇಕಾಗಿಲ್ಲ.